ಹ್ಯೂಮನ್ ಅಂದ್ರ ಏನು ಮಾಮಾ?

2019ರ ಆಗಸ್ಟಿನಲ್ಲಿ ಘಟಪ್ರಭಾ ನಮ್ಮ ಗೋಕಾಕದೊಳಗೇ ಬಂದಳು. ಲೋಳಸೂರ ಸೇತುವೆ ಮುಳುಗಿತು, ಪೇಟೆ ಮುಳುಗಿತು, ನಮ್ಮ ಮನೆಯ ಕೆಳಗಿನ ಖೋಲಿಯಲ್ಲಿ ಎದೆಮಟ್ಟ ನೀರು. ನಾನು ಎತ್ತಿಕೊಂಡು ಓಡಿದ್ದು ಅವ್ವನ ಗುಳಿಗೆಯ ಡಬ್ಬಿ, ಮನೆಯ ಕಾಗದಪತ್ರ, ಲ್ಯಾಪ್‌ಟಾಪು. ಲ್ಯಾಪ್‌ಟಾಪಿನ ಚೀಲದಲ್ಲಿ ಗೇಮ್ ಕಂಟ್ರೋಲರೂ ಇತ್ತು. ಅದನ್ನು ಬೇಕಂತ ತಂದದ್ದಲ್ಲ ಅಂತ ಅಕ್ಕನ ಮುಂದೆ ಹೇಳಿದೆ, ಆಕೆ ನಂಬಲಿಲ್ಲ. ಹುಕ್ಕೇರಿ ತಾಲ್ಲೂಕಿನಲ್ಲಿರುವ ಅಕ್ಕನ ಊರು ಸ್ವಲ್ಪ ಎತ್ತರದ ಮೇಲಿದೆ. ಅಲ್ಲಿ ಹತ್ತಿರ ಹತ್ತಿರ ಒಂದು ತಿಂಗಳು ಇದ್ದೆವು. ಆ ತಿಂಗಳಲ್ಲಿ ನಾನೊಂದು ತಪ್ಪು ಮಾಡಿದೆ. ಅದು ಎಂಥಾ ತಪ್ಪು ಅನ್ನೋದು ಇವತ್ತಿಗೂ ನನಗೆ ಪೂರ್ತಿ ಬಗೆಹರಿದಿಲ್ಲ.

ಅಕ್ಕನ ಮಗನಿಗೆ ಆಗ ಹದಿನಾಲ್ಕು. ಎರಡು ವರ್ಷದ ಹಿಂದೆ, ದನಕ್ಕೆ ಕಣಕಿ ಕತ್ತರಿಸುವ ಕುಟ್ಟಿ ಮಷೀನಿನಲ್ಲಿ ಬಲಗೈ ಸಿಕ್ಕು ತೋರುಬೆರಳು ಬುಡಕ್ಕೇ ಹೋಗಿತ್ತು, ನಡುಬೆರಳು ಅರ್ಧ ಉಳಿದಿತ್ತು. ಉಳಿದದ್ದರಲ್ಲೇ ಹುಡುಗ ಎಲ್ಲ ಮಾಡುತ್ತಿದ್ದ. ಸೈಕಲ್ ಹೊಡೆಯುತ್ತಿದ್ದ, ಎಮ್ಮೆ ಹಿಂಡುತ್ತಿದ್ದ, ಎಡಗೈಯಲ್ಲಿ ಬರೆಯೋದು ರೂಢಿ ಮಾಡಿಕೊಳ್ಳುತ್ತಿದ್ದ. ಮನೆಯವರು ಮಾತ್ರ ಅವನ ಕೈಯಲ್ಲಿ ತುಂಬಿದ ತಂಬಿಗೆ ಕಂಡರೂ ಓಡಿ ಬಂದು ಕಸಿದುಕೊಳ್ಳುತ್ತಿದ್ದರು.

ಮಳೆ, ಸಾಲಿಗೆ ರಜೆ, ಬೇಜಾರು. ಒಂದಿನ ಲ್ಯಾಪ್‌ಟಾಪು ತೆಗೆದು ಡೆವಿಲ್ ಮೇ ಕ್ರೈ 5 ಹಾಕಿದೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ಆಟ, ಆ ವರ್ಷದ ಮಾರ್ಚಿನಲ್ಲಷ್ಟೇ ಬಂದಿತ್ತು. ಗೊತ್ತಿಲ್ಲದವರಿಗೆ ನಾಲ್ಕು ಮಾತು ಹೇಳಿಬಿಡ್ತೀನಿ. ಕತ್ತಿ ಇದೆ, ಪಿಸ್ತೂಲು ಇದೆ, ಬೇಕಾದಷ್ಟು ರಾಕ್ಷಸರಿದ್ದಾರೆ. ಆದರೆ ಇಲ್ಲಿ ರಾಕ್ಷಸನನ್ನು ಕೊಂದರೆ ಮುಗಿಯಲಿಲ್ಲ, ಚೆಂದಾಗಿ ಕೊಲ್ಲಬೇಕು. ನೀವು ಹೊಡೆದಾಡುತ್ತಿರುವಾಗ ಪರದೆಯ ಮೇಲೆ ಒಂದು ಅಕ್ಷರ ನಿಮಗೆ ಮಾರ್ಕ್ಸ್ ಕೊಡುತ್ತಲೇ ಇರುತ್ತದೆ: ಡಿ ಇಂದ ಸುರುವಾಗಿ ಸಿ, ಬಿ, ಎ, ಆಮೇಲೆ ಎಸ್, ಎರಡು ಎಸ್, ಮೂರು ಎಸ್. ಒಂದೇ ಹೊಡೆತವನ್ನು ಮತ್ತೆ ಮತ್ತೆ ಹೊಡೆದರೆ ಅಕ್ಷರ ಮೇಲೇರೋದಿಲ್ಲ. ಏಟು ತಿಂದರೆ ಇಳಿಯುತ್ತದೆ. ಹೊಸ ಹೊಸ ವರಸೆಗಳನ್ನು ಒಂದಕ್ಕೊಂದು ಪೋಣಿಸಿ, ರಾಕ್ಷಸನನ್ನು ನೆಲ ಮುಟ್ಟಗೊಡದೆ ಗಾಳಿಯಲ್ಲೇ ಆಡಿಸುತ್ತ ಹೋದರೆ ಎಸ್ ಬರುತ್ತದೆ, ಆಗ ಹಿನ್ನೆಲೆಯ ಹಾಡಿನ ಪಲ್ಲವಿ ಒಮ್ಮೆಲೇ ತೆರೆದುಕೊಳ್ಳುತ್ತದೆ. ಮೈ ಜುಮ್ ಅನ್ನುತ್ತದೆ. ನಮ್ಮ ಜಾತ್ರೆಯ ಕುಸ್ತಿ ನೋಡಿದವರಿಗೆ ಇದು ಹೊಸದೇನಲ್ಲ. ಪೈಲವಾನರು ಸುಮ್ಮನೆ ಕುತ್ತಿಗೆ ಹಿಡಕೊಂಡು ನಿಂತರೆ ಹಲಗಿಯೂ ಆಕಳಿಸುತ್ತದೆ. ಒಬ್ಬ ಡಾವು ಹಾಕಿದ, ಇನ್ನೊಬ್ಬ ಅದನ್ನು ಮುರಿದ ಅಂದರೆ ಹಲಗಿಯ ಕೈ ಎಲ್ಲಿಂದೆಲ್ಲಿಗೋ ಹೋಗುತ್ತದೆ.

ಈ ಗಾಳಿಯಲ್ಲಿ ಆಡಿಸುವ ವಿದ್ಯೆ ಹುಟ್ಟಿದ್ದೇ ಒಂದು ತಪ್ಪಿನಿಂದ. ಕ್ಯಾಪ್‌ಕಾಮ್‌ನದೇ ಒನಿಮುಷಾ ಅನ್ನೋ ಆಟ ತಯಾರಾಗುತ್ತಿದ್ದಾಗ ಅದರಲ್ಲೊಂದು ದೋಷ ಇತ್ತು, ಹೊಡೆಯುತ್ತ ಹೋದರೆ ಶತ್ರು ಕೆಳಗೆ ಬೀಳುತ್ತಲೇ ಇರಲಿಲ್ಲ. ಹಿಡೆಕಿ ಕಮಿಯಾ ಅದನ್ನು ನೋಡಿ, ತಾನು ಮಾಡುತ್ತಿದ್ದ ಆಟದ ಜೀವಾಳವನ್ನಾಗಿ ಮಾಡಿಕೊಂಡ. 2001ರಲ್ಲಿ ಬಂದ ಮೊದಲ ಡೆವಿಲ್ ಮೇ ಕ್ರೈ ಅದು.

ಇರಲಿ. ಆ ದಿನದ ಮಾತಿಗೆ ಬರ್ತೀನಿ.

ಈ ಆಟದಲ್ಲಿ ಬಲಗೈ ತೋರುಬೆರಳಿಗೆ ಒಂದು ಮುಖ್ಯ ಕೆಲಸ ಇದೆ. ಕಂಟ್ರೋಲರಿನ ಬಲ ಹೆಗಲ ಮೇಲಿನ ಗುಂಡಿಯನ್ನು ಒತ್ತಿ ಹಿಡಿದರೆ ನಾಯಕನ ಕಣ್ಣು ಒಬ್ಬ ಶತ್ರುವಿನ ಮೇಲೆ ನೆಡುತ್ತದೆ. ಅದಕ್ಕೆ ಲಾಕ್-ಆನ್ ಅಂತಾರೆ. ಮುನ್ನುಗ್ಗಿ ಚುಚ್ಚುವುದಿರಲಿ, ಕೆಳಗಿನಿಂದ ಎತ್ತಿ ಗಾಳಿಗೆ ಎಸೆಯುವುದಿರಲಿ, ಆ ಗುಂಡಿ ಒತ್ತಿ ಹಿಡಿದುಕೊಂಡೇ ಹೆಬ್ಬೆರಳಿನಿಂದ ಉಳಿದದ್ದನ್ನು ಮಾಡಬೇಕು. ನಮ್ಮ ಹುಡುಗನಿಗೆ ಇಲ್ಲದ್ದು ಸರಿಯಾಗಿ ಅದೇ ಬೆರಳು. ಅಂಗೈಯನ್ನು ಹೊರಳಿಸಿ ಉಂಗುರ ಬೆರಳು ತಂದರೆ ಹೆಬ್ಬೆರಳು ಗುಂಡಿಗಳಿಂದ ಜಾರುತ್ತಿತ್ತು. ಎರಡನೇ ಹಂತದ ಕೊನೆಗೆ ಗೋಲಿಯಾತ್ ಅಂತ ಒಬ್ಬ ದೊಡ್ಡ ಹೊಟ್ಟೆಯ ರಾಕ್ಷಸ ಬರ್ತಾನೆ. ಹುಡುಗ ಅವನ ಕೈಯಲ್ಲಿ ಆರು ಸಲ ಸತ್ತ. ಏಳನೇ ಸಲ ನಾನು ಅವನ ಮುಖ ನೋಡಿದೆ, ಮತ್ತೆ ನೋಡಲಾಗಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಆಟವನ್ನು ಸುಲಭದ ಮಟ್ಟಕ್ಕೆ ಇಳಿಸಿ ಹೊಸದಾಗಿ ಸುರುಮಾಡಿದೆ. ಆಟೋ ಅಸಿಸ್ಟ್ ಅಂತ ಒಂದು ಅನುಕೂಲ ಇದೆ, ಅದನ್ನೂ ಹಾಕಿದೆ. ಅದು ಇದ್ದರೆ ಒಂದೇ ಗುಂಡಿ ಒತ್ತುತ್ತ ಹೋದರೂ ನಾಯಕ ತಾನೇ ಚೆಂದ ಚೆಂದದ ವರಸೆ ಹಾಕುತ್ತಾನೆ. ಗೋಲಿಯಾತ್ ಬರುವ ತನಕ ನಾನೇ ಆಡಿ ಉಳಿಸಿ ಇಟ್ಟೆ. ಬೆಳಿಗ್ಗೆ ಹುಡುಗ ಕುಂತ, ಗೆದ್ದ. ಎಸ್ ಬಂತು, ಪಲ್ಲವಿ ಬಂತು. ಹುಡುಗ ಎದ್ದು ನಿಂತು ಅಡಿಗಿ ಮನೆಗೆ ಓಡಿ ಅವ್ವನನ್ನು ಎಳೆದುಕೊಂಡು ಬಂದ. ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನನಗೆ ಪುಣ್ಯದ ಕೆಲಸ ಮಾಡಿದ ಹಾಗೇ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಹತ್ತು ದಿನ ಹೀಗೇ ನಡೀತು. ನೀರು ಇಳಿದ ಮೇಲೆ ನಾನು ಮನೆಯ ರಾಡಿ ಬಳಿಯಲು ಗೋಕಾಕಕ್ಕೆ ಹೋಗಿಬಂದು ಮಾಡುತ್ತಿದ್ದೆ. ಒಂದು ರವಿವಾರ ಅವನು ಗೆಳೆಯರನ್ನು ಮನೆಗೆ ಕರೆದಿದ್ದಾನೆ. ಈ ಕೈಯಲ್ಲಿ ಹೆಂಗ ಆಡ್ತೀನಿ ನೋಡ್ರಿ ಅಂತ ಸಾಲಿಯಲ್ಲಿ ಹೇಳಿಕೊಂಡಿದ್ದ. ಆಡಿ ತೋರಿಸಿದ. ಆಮೇಲೆ ಒಬ್ಬ ಹುಡುಗ ಕಂಟ್ರೋಲರು ಇಸಗೊಂಡು, ಏನೂ ಗೊತ್ತಿಲ್ಲದೆ, ಪಕ್ಕದವನ ಜೋಡಿ ಮಾತಾಡುತ್ತ ಒಂದೇ ಗುಂಡಿ ಒತ್ತಿದ. ಎಸ್ ಬಂತು. “ಏ, ಇದು ತಾನ ಆಡತೈತ್ಯೋ!” ಅಂತ ಅವ ಕೂಗಿದ. ಎಲ್ಲರೂ ನಕ್ಕರು.

ಇದೆಲ್ಲ ನನಗೆ ಅಕ್ಕನಿಂದ ಗೊತ್ತಾದದ್ದು. ಅವನು ರಾತ್ರಿ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಮಾತು.

“ಮಾಮಾ, ಹ್ಯೂಮನ್ ಅಂದ್ರ ಏನು?”

ಆಟದ ಮಟ್ಟಗಳ ಹೆಸರು ಹಾಗಿವೆ. ಎಲ್ಲಕ್ಕಿಂತ ಸುಲಭದ್ದು ಹ್ಯೂಮನ್, ಅದರ ಮೇಲೆ ಡೆವಿಲ್ ಹಂಟರ್, ಅದರ ಮೇಲೆ ಸನ್ ಆಫ್ ಸ್ಪಾರ್ಡಾ, ಮತ್ತೂ ಮೇಲೆ ಡಾಂಟೆ ಮಸ್ಟ್ ಡೈ. ಮನುಷ್ಯ ಎಲ್ಲಕ್ಕಿಂತ ಕೆಳಗೆ. ಹುಡುಗ ಗೆಳೆಯರು ಹೋದ ಮೇಲೆ ಮೆನು ತೆಗೆದು ಒಂದೊಂದೇ ಓದಿದ್ದಾನೆ. “ಮನುಷ್ಯ ಅಂತ” ಅಂದೆ. “ಅದು ನನಗೂ ಗೊತ್ತೈತಿ. ನೀ ಯಾಕ ಅದನ್ನ ಇಟ್ಟಿ?” ಅಂದ. ನಿನಗ ಬೇಜಾರ ಆಗಬಾರದಂತ, ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀ ನನ್ನ ಕೇಳಲಿಲ್ಲ” ಅಂದು ಎದ್ದು ಹೋದ.

ಆ ರಾತ್ರಿ ನನ್ನ ಪರವಾಗಿ ನಾನೇ ಬಹಳ ವಾದ ಮಾಡಿದೆ. ಮಕ್ಕಳ ಜೋಡಿ ಆಡುವಾಗ ಸೋಲದವರು ಯಾರು? ನಾಲ್ಕು ವರ್ಷದ ಮೊಮ್ಮಗ ಎದೆಯ ಮೇಲೆ ಕುಂತರೆ ಅಜ್ಜ ಚಿತ್ ಆಗಿ ಬೀಳುತ್ತಾನೆ, ಅದನ್ನು ಮೋಸ ಅಂತ ಯಾರೂ ಅನ್ನುವುದಿಲ್ಲ. ನಿಜ. ಆದರೆ ಆ ಮೊಮ್ಮಗ ಆ ಗೆಲುವನ್ನು ಎಲ್ಲಿಗೂ ಒಯ್ಯುವುದಿಲ್ಲ. ನಮ್ಮ ಹುಡುಗ ಒಯ್ದ. ಎರಡು ವರ್ಷದಿಂದ ಎಲ್ಲರೂ ಕೈಯಿಂದ ತಂಬಿಗೆ ಕಸಿದುಕೊಳ್ಳುತ್ತಿದ್ದವನಿಗೆ ಇದೊಂದು ತಾನೇ ಗಳಿಸಿದ್ದು ಅಂತ ಅನಿಸಿತ್ತು. ಅದನ್ನು ನಂಬಿ ಸಾಲಿಯಲ್ಲಿ ಪಣಕ್ಕಿಟ್ಟ. ನಾನು ಕೊಟ್ಟದ್ದು ಖೋಟಾ ನೋಟು. ಅದು ಪೇಟೆಯಲ್ಲಿ ಸಿಕ್ಕಿಬಿದ್ದಾಗ ಕೈಯಲ್ಲಿದ್ದದ್ದು ನಾನಲ್ಲ, ಅವನು.

ಇನ್ನೂ ಒಂದು ಇದೆ, ಹೇಳಲು ನಾಚಿಕೆ. ಕೇಳಿದ್ದರೆ ಅವನು ಬ್ಯಾಡ ಅನ್ನುತ್ತಿದ್ದ, ಅದು ನನಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಅವನು ಏಳನೇ ಸಲ ಸಾಯೋದನ್ನು ತಡೆದುಕೊಳ್ಳಲಾರದವನು ನಾನು, ಅವನಲ್ಲ. ಅವನು ಎಂಟನೇ ಸಲಕ್ಕೂ ತಯಾರಿದ್ದ.

ಆಟ ಮಾಡುವವರೂ ಈ ದಯೆಯ ವಿಷಯದಲ್ಲಿ ಬಹಳ ಒದ್ದಾಡಿದ್ದಾರೆ. ಮೊದಲ ಡೆವಿಲ್ ಮೇ ಕ್ರೈನಲ್ಲಿ ಆರಂಭದ ಹಂತಗಳಲ್ಲೇ ಸತ್ತರೆ ಈಸಿ ಆಟೋಮ್ಯಾಟಿಕ್ ಅನ್ನುವ ಮಟ್ಟ ತೆರೆಯುತ್ತಿತ್ತು, ಬೇಕೋ ಬೇಡವೋ ನೀವೇ ಹೇಳಬೇಕು. ಹುಡುಗನಾಗಿದ್ದಾಗ ನನಗೆ ಅದು ಕಪಾಳಕ್ಕೆ ಹೊಡೆದಂಗ ಆಗಿತ್ತು. 2005ರ ನಿಂಜಾ ಗೈಡೆನ್ ಬ್ಲ್ಯಾಕ್ ಇನ್ನೂ ಮುಂದೆ ಹೋಯಿತು: ಮೂರು ಸಲ ಸತ್ತವರಿಗೆ ಕೊಡುವ ಸುಲಭ ಮಟ್ಟದ ಹೆಸರೇ ನಿಂಜಾ ಡಾಗ್, ನಾಯಿ! ನಾಯಕನ ಮೈಮೇಲೆ ಗುರುತಿಗೆ ಒಂದು ರಿಬ್ಬನ್ನು ಬೇರೆ. ಇದರಲ್ಲಿ ಒಂದು ಒರಟು ಪ್ರಾಮಾಣಿಕತೆ ಇದೆ ಅನ್ನುವ ಗೆಳೆಯರು ನನಗಿದ್ದಾರೆ. ನಾನು ಒಪ್ಪುವುದಿಲ್ಲ. ಅನ್ನ ಹಾಕಿ ತಲೆ ಮೇಲೆ ಮೊಟಕುವುದು ಯಾವ ಪ್ರಾಮಾಣಿಕತೆ?

ನನ್ನ ತಪ್ಪಿನ ಸೋದರ ಬೇರೊಂದು ಆಟದಲ್ಲಿದ್ದಾನೆ. 2005ರ ರೆಸಿಡೆಂಟ್ ಈವಿಲ್ 4, ಶಿಂಜಿ ಮಿಕಾಮಿ ನಿರ್ದೇಶಿಸಿದ್ದು. ಅದರಲ್ಲಿ ನೀವು ಸೋಲುತ್ತ ಹೋದರೆ ಶತ್ರುಗಳು ಗುಟ್ಟಾಗಿ ಮೆತ್ತಗಾಗುತ್ತಾರೆ, ಚೆನ್ನಾಗಿ ಆಡಿದರೆ ಗುಟ್ಟಾಗಿ ಗಟ್ಟಿಯಾಗುತ್ತಾರೆ. ಆಟ ಒಂದು ಮಾತೂ ಹೇಳುವುದಿಲ್ಲ. ಬಹಳ ಜನ ಮೆಚ್ಚಿದ ಜಾಣತನ ಅದು. ಅದೇ ಮಿಕಾಮಿ ಮರುವರ್ಷ ಗಾಡ್ ಹ್ಯಾಂಡ್ ಅಂತ ಒಂದು ಮುಷ್ಟಿಕಾಳಗದ ಆಟ ಮಾಡಿದ. ಇದರಲ್ಲೂ ಮಟ್ಟ ಏರಿಳಿಯುತ್ತದೆ, ಆದರೆ ಪರದೆಯ ಮೇಲೆಯೇ ಕಾಣುತ್ತದೆ: ಒಂದು, ಎರಡು, ಮೂರು, ಆಮೇಲೆ ‘ಡೈ’. ಬೇಕಾದರೆ ರಾಕ್ಷಸನ ಕಾಲಿಗೆ ಅಡ್ಡಬಿದ್ದು ಮಟ್ಟ ಇಳಿಸಿಕೊಳ್ಳಬಹುದು, ಅದೂ ಎಲ್ಲರ ಎದುರಿಗೇ. ಒಬ್ಬನೇ ಮನುಷ್ಯ ಒಂದು ವರ್ಷ ದಯೆಯನ್ನು ಮುಚ್ಚಿಟ್ಟ, ಇನ್ನೊಂದು ವರ್ಷ ಬಿಚ್ಚಿಟ್ಟ. ಅವನ ಮನಸ್ಸಿನಲ್ಲಿ ಏನಿತ್ತೋ, ನನಗೆ ಮಾತ್ರ ಎರಡನೆಯವನ ಮೇಲೆ ವಿಶ್ವಾಸ ಬರುತ್ತದೆ.

ಗುಟ್ಟಾಗಿ ಸುಲಭ ಮಾಡಿದ ಹಾಗೆ ಗುಟ್ಟಾಗಿ ಕಠಿಣ ಮಾಡುವುದೂ ಇದೆ. 2005ರ ಡೆವಿಲ್ ಮೇ ಕ್ರೈ 3 ಅಮೆರಿಕಕ್ಕೆ ಹೋದಾಗ ಜಪಾನಿನ ‘ಹಾರ್ಡ್’ ಅನ್ನೋದು ಅಲ್ಲಿ ‘ನಾರ್ಮಲ್’ ಅಂತ ಹೆಸರು ಬದಲಿಸಿಕೊಂಡಿತು. ಗೋಕಾಕದಲ್ಲಿ ಗೆಳೆಯನ ಮನೆಯ ಪ್ಲೇಸ್ಟೇಷನ್ನಿನಲ್ಲಿ ನಾನು ಆಡಿದ್ದು ಆ ಅಮೆರಿಕದ ಡಿಸ್ಕು. ಸಾಮಾನ್ಯ ಮಟ್ಟದಲ್ಲೇ ಸಾಯ್ತೀನಲ್ಲ, ನಾನು ದಡ್ಡ ಅಂತ ಒಂದು ಇಡೀ ಬೇಸಗಿ ನಂಬಿದ್ದೆ. ಮೇಲಿನ ಚೀಟಿಯೇ ಸುಳ್ಳು ಅಂತ ತಿಳಿದದ್ದು ವರ್ಷಗಟ್ಟಲೆ ಆದ ಮೇಲೆ. ಹಳ್ಳಿಯ ಕನ್ನಡ ಸಾಲಿಯಿಂದ ಬಂದು ಕಾಲೇಜಿನ ಮೊದಲ ವರ್ಷ ‘ಸಾಮಾನ್ಯ’ ಪರೀಕ್ಷೆ ಬರೆದವರಿಗೆ ಈ ಚೀಟಿಯ ಕತೆ ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗ ನನ್ನ ಜೋಡಿ ಮಾತು ಬಿಟ್ಟು ನಾಲ್ಕು ದಿನ ಆಗಿತ್ತು. ಮೂಡಲಗಿಯಿಂದ ದೊಡ್ಡಪ್ಪ ನಮ್ಮನ್ನು ನೋಡಲು ಬಂದರು. ಎಪ್ಪತ್ತು ದಾಟಿದ್ದಾರೆ, ಹರೆಯದಲ್ಲಿ ತಾಲೀಮಿನ ಮಣ್ಣು ತಿಂದ ಮೈ, ಕಿವಿ ಇನ್ನೂ ಮುದುಡಿಕೊಂಡೇ ಇವೆ. ವಿಡಿಯೋ ಗೇಮು ಅಂದರೆ ಅವರಿಗೆ ಕಾಲಹರಣ. ಆದರೂ ನಡೆದದ್ದನ್ನು ಹೇಳಿದೆ, ಯಾರಿಗಾದರೂ ಹೇಳಬೇಕಿತ್ತು. ಅವರು ನಗಲಿಲ್ಲ.

“ತಾಲೀಮಿನ್ಯಾಗ ನಾವೂ ಬಿಟ್ಟಕೊಡ್ತಿದ್ವಿ” ಅಂದರು. “ಸಣ್ಣ ಹುಡುಗ ಬಂದ ಅಂದ್ರ ಅವನ ತಾಕತ್ತಿನಷ್ಟ ನಾವೂ ಹಾಕೂದು. ಡಾವ್ ಹಾಕಾಕ ಜಾಗಾ ಕೊಡೂದು. ಕೊಡಾಕತ್ತೀವಿ ಅಂತ ಅವಂಗೂ ಗೊತ್ತಿರತೈತಿ, ನಮಗೂ ಗೊತ್ತಿರತೈತಿ. ಅದು ಕಲಸೂದು. ಅದನ್ನ ಅಖಾಡದಾಗ, ಮಂದಿ ಮುಂದ ಮಾಡಿದಿ ಅಂದ್ರ ಅದಕ್ಕ ನೂರಾ ಕುಸ್ತಿ ಅಂತಾರ. ಗೆದ್ದಾಂವಂದೂ ಮರ್ಯಾದಿ ಹೋತು, ಸೋತಾಂವಂದೂ ಹೋತು.”

ಜೋಡಿ ಹಚ್ಚೋದರ ಬಗ್ಗೆಯೂ ಹೇಳಿದರು. ಜಾತ್ರೆಯ ಕುಸ್ತಿಯಲ್ಲಿ ಹಿರಿಯರು ಇಬ್ಬರ ಮೈಕಟ್ಟು, ವಯಸ್ಸು, ಹಿಂದೆ ಹಿಡಿದ ಕುಸ್ತಿ ಎಲ್ಲ ನೋಡಿ ಸರಿಜೋಡಿ ಹುಡುಕುತ್ತಾರೆ. ಆಮೇಲೆ ಇಬ್ಬರ ಕೈ ಹಿಡಿದು ಅಖಾಡದ ಸುತ್ತ ತಿರುಗಿಸುತ್ತಾರೆ. ನನಗೆ ಅದು ಬರೀ ಮೆರವಣಿಗೆ ಅನಿಸಿತ್ತು. ದೊಡ್ಡಪ್ಪನ ಪ್ರಕಾರ ಅದು ಒಪ್ಪಿಗೆ. ಈ ಜೋಡಿ ಹೆಚ್ಚು, ಇದು ಕಡಿಮೆ ಅಂತ ಕೂಗಬೇಕಾದವರು ಆಗಲೇ ಕೂಗಬೇಕು, ಪೈಲವಾನರೂ ಸೇರಿ. ತನಗಿಂತ ಹಗುರದವನ ಜೋಡಿ ಹಿಡಿಯುವುದು ಅವಮಾನ ಅಲ್ಲ, ಯಾರ ಜೋಡಿ ಹಿಡೀತೀನಿ ಅನ್ನೋದು ಗೊತ್ತಿಲ್ಲದಿರುವುದು ಅವಮಾನ.

“ಮೋಟು ಕೈಯಾಂವಾ ಒಬ್ಬ ಇದ್ದ ನಮ್ಮ ತಾಲೀಮಿನ್ಯಾಗ” ಅಂತ ಹೋಗುವ ಮುಂದೆ ಸೇರಿಸಿದರು. “ಅವಂಗ ಎದುರಿನಾಂವನ್ನ ಸಣ್ಣ ಮಾಡಿ ಕೊಡಲಿಲ್ಲ ವಸ್ತಾದ. ಬ್ಯಾರೆ ಹಿಡಿತ ಕಲಿಸಿದ.”

ಆ ಮಾತು ತಲೆಯಲ್ಲಿ ಕುಂತುಬಿಟ್ಟಿತು. ಮರುದಿನ ಹುಡುಗನ ಮುಂದೆ ಲ್ಯಾಪ್‌ಟಾಪು ಇಟ್ಟು, “ಈಗ ಕೇಳಾಕತ್ತೀನಿ, ತಪ್ಪಾತು. ಹೆಂಗ ಆಡ್ತಿ ಹೇಳು” ಅಂದೆ. ಮೊದಲು ಬರಲಿಲ್ಲ. ಸಂಜಿಗೆ ತಾನೇ ಬಂದು ಮೆನು ತೆಗೆಸಿದ. ಆಟೋ ಬಂದ್ ಮಾಡಿಸಿದ. ಮಟ್ಟವನ್ನು ಡೆವಿಲ್ ಹಂಟರಿಗೆ ಏರಿಸಿದ. ಆಮೇಲೆ ಗುಂಡಿಗಳ ಪಟ್ಟಿ ಬರುವ ಪುಟಕ್ಕೆ ಹೋಗಿ ಲಾಕ್-ಆನ್ ಮೇಲೆ ಬೆರಳಿಟ್ಟ. “ರಾಕ್ಷಸ ಎಷ್ಟ ಗಟ್ಟಿ ಅದಾನ ಅಷ್ಟ ಇರಲಿ. ಈ ಗುಂಡಿ ಅಷ್ಟ ಎಡಗೈಗೆ ಸರಸು.”

ಇಷ್ಟೇ. ಆ ಆಟದಲ್ಲಿ ಗುಂಡಿಗಳನ್ನು ಬೇಕಾದ ಹಾಗೆ ಬದಲಿಸಿಕೊಳ್ಳಬಹುದು ಅಂತ ನನಗೆ ಮೊದಲೇ ಗೊತ್ತಿತ್ತು. ಹದಿನೈದು ವರ್ಷದಿಂದ ಇಂಥಾ ಆಟ ಆಡುವ ನನಗೆ ಅದು ಹೊಳೆಯಲಿಲ್ಲ. ಕೈಗೆ ಏನೋ ಕಡಿಮೆ ಆಗಿದೆ ಅಂದಕೂಡಲೇ ಎದುರಿನದ್ದನ್ನು ಕಡಿಮೆ ಮಾಡೋದೇ ತಲೆಗೆ ಬಂದದ್ದು. ಅವನಿಗೆ ಎರಡು ಥರದ ಕಷ್ಟ ಇತ್ತು. ಒಂದು ಗೋಲಿಯಾತನದು, ಅದು ಅವನಿಗೆ ಬೇಕಾಗಿತ್ತು, ಅದಕ್ಕೇ ಆಡಲು ಕುಂತದ್ದು. ಇನ್ನೊಂದು ಕಂಟ್ರೋಲರಿನ ಬಲ ಹೆಗಲಿನದು. ಅದು ಆಟವೇ ಅಲ್ಲ, ಎಲ್ಲರಿಗೂ ಹತ್ತು ಬೆರಳು ಇರ್ತಾವ ಅಂದುಕೊಂಡವರು ಬಿಟ್ಟುಹೋದ ಅಡ್ಡಗಟ್ಟಿ. ನಾನು ಮೊದಲನೆಯದನ್ನು ಕಿತ್ತುಕೊಂಡು ಎರಡನೆಯದನ್ನು ಹಾಗೇ ಉಳಿಸಿದ್ದೆ.

ಎರಡು ದಿನ ಹಿಡೀತು. ಎಷ್ಟು ಸಲ ಸತ್ತ ಅಂತ ಎಣಿಸಲಿಲ್ಲ, ನಾನು ಎದ್ದು ಹಿತ್ತಲಕ್ಕೆ ಹೋಗಿ ನಿಂತಿದ್ದೆ. ಗೋಲಿಯಾತ್ ಬಿದ್ದಾಗ ಒಳಗಿನಿಂದ ಕೂಗು ಬಂತು. ಹೋಗಿ ನೋಡಿದರೆ ಕೊನೆಗೆ ಬಂದದ್ದು ಡಿ. ಎಲ್ಲಕ್ಕಿಂತ ಕೆಳಗಿನ ಅಕ್ಷರ. ಹುಡುಗ ಅದನ್ನೇ ಫೋಟೋ ತೆಗೆದುಕೊಂಡ. ಆ ಗೆಳೆಯನನ್ನು ಕರೆಸಿ ಕಂಟ್ರೋಲರು ಕೊಟ್ಟು, “ಈಗ ಒಂದ ಗುಂಡಿ ಒತ್ತಿ ಗೆದಿ” ಅಂದ. ಗೆಳೆಯ ಮೊದಲನೇ ಹಂತದಲ್ಲೇ ಸತ್ತ. ಇಬ್ಬರೂ ಕೂಡಿ ನಕ್ಕರು.

ಇದರಿಂದ ನಾನು ಪೂರ್ತಿ ಬುದ್ಧಿ ಕಲಿತೆ ಅಂತ ಹೇಳಲಾರೆ. ಎಸೆಸೆಲ್ಸಿ ಹತ್ತಿರ ಬಂದಾಗ ಅದೇ ವಾದ ಮತ್ತೆ ಎದ್ದಿತು. ಇಂಥಾ ಮಕ್ಕಳಿಗೆ ಪರೀಕ್ಷೆಯಲ್ಲಿ ಬರೆಯಲು ಇನ್ನೊಬ್ಬರನ್ನು ಕೊಡುತ್ತಾರೆ, ಹೆಚ್ಚಿನ ವೇಳೆಯನ್ನೂ ಕೊಡುತ್ತಾರೆ. ಎರಡೂ ತಗೋ, ಇದು ನಿನ್ನ ಹಕ್ಕು, ಭಿಕ್ಷೆ ಅಲ್ಲ ಅಂತ ನಾನು. ನಾನು ಹೇಳಿದ್ದು ಸರಿಯೇ ಇತ್ತು, ಈಗಲೂ ಹಾಗೇ ಹೇಳ್ತೀನಿ. ಅವನು, “ಟೈಮ್ ಬೇಕು. ಬರಿಯಾಂವ ಬ್ಯಾಡ” ಅಂದ. ಎಡಗೈ ನಿಧಾನ, ಅದಕ್ಕೆ ವೇಳೆ ಬೇಕು. ವಾಕ್ಯ ಮಾತ್ರ ತಾನೇ ಬರೀತೀನಿ. ಮತ್ತೆ ಗುಂಡಿ ಸರಿಸುವ ಮಾತೇ. ಬರೆಯುವವರನ್ನು ತೆಗೆದುಕೊಂಡ ಹುಡುಗ ಅವನಿಗಿಂತ ಕಡಿಮೆ ಅಂತ ಇದರರ್ಥ ಅಲ್ಲ. ಆ ಹುಡುಗನ ಗೋಲಿಯಾತ್ ಬೇರೆ ಇರಬಹುದು. ಎಲ್ಲಿ ತನ್ನ ಕಷ್ಟ, ಎಲ್ಲಿ ಬರೀ ಅಡ್ಡಗಟ್ಟಿ ಅನ್ನೋದನ್ನು ಹೊರಗಿನಿಂದ ನಿಂತು ಗುರುತಿಸೋದು ನನಗೆ ಸಾಧ್ಯವಿಲ್ಲ ಅನ್ನೋದಷ್ಟೇ ನಾನು ಒಪ್ಪಿಕೊಂಡದ್ದು.

ಒಂದೂವರೆ ವರ್ಷ ಎಡಗೈಯಲ್ಲಿ ಪುಟಗಟ್ಟಲೆ ಬರೆದು ರೂಢಿ ಮಾಡಿದ. ಆಮೇಲೆ ಏನಾಯಿತು, ನಿಮಗೆ ಗೊತ್ತೇ ಇದೆ. 2021ರಲ್ಲಿ ಕೊರೊನಾ ಕಾರಣಕ್ಕೆ ಪರೀಕ್ಷೆಯನ್ನು ಎರಡೇ ದಿನಕ್ಕೆ ಇಳಿಸಿದರು, ಜುಲೈ 19 ಮತ್ತು 22. ಬರೆಯುವ ಮಾತೇ ಇಲ್ಲ, ಓಎಂಆರ್ ಹಾಳೆಯಲ್ಲಿ ಸುನ್ನೆ ತುಂಬಿಸೋದು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಹೆಚ್ಚೂಕಡಿಮೆ ಎಲ್ಲರೂ ಪಾಸು. ನಾನು ಅವನಿಗೆ ಸಮಾಧಾನ ಹೇಳಲು ಫೋನು ಮಾಡಿದೆ.

“ಈ ಸಲ ಎಲ್ಲಾರಿಗೂ ಹ್ಯೂಮನ್ ಮಾಡ್ಯಾರ ಮಾಮಾ” ಅಂದ. ಒಂದು ಕ್ಷಣ ಬಿಟ್ಟು, “ಆದ್ರ ಹೇಳಿ ಮಾಡ್ಯಾರ.”

ಫಲಿತಾಂಶ ಬಂದ ಮೇಲೆ ಒಂದು ದಿನ ಹಿಂದಿನ ವರ್ಷದ ಕನ್ನಡ ಪ್ರಶ್ನೆಪತ್ರಿಕೆ ತೆಗೆದುಕೊಂಡು, ಮೊಬೈಲಿನಲ್ಲಿ ಅಲಾರಾಂ ಇಟ್ಟು, ಬಾಗಿಲು ಹಾಕಿಕೊಂಡು ಪೂರ್ತಿ ಉತ್ತರ ಬರೆದನಂತೆ. ಅದನ್ನು ಯಾರಿಗೂ ತಿದ್ದಲು ಕೊಟ್ಟಿಲ್ಲ. ಅಕ್ಕ ಟ್ರಂಕಿನಲ್ಲಿ ಇಟ್ಟಿದ್ದಾಳೆ.

ಹೋದ ದೀಪಾವಳಿಗೆ ಗೋಕಾಕಕ್ಕೆ ಬಂದಿದ್ದ, ಕೈಯಲ್ಲಿ ಕರದಂಟಿನ ತುಂಡು ಹಿಡಕೊಂಡೇ ಸನ್ ಆಫ್ ಸ್ಪಾರ್ಡಾ ಆಡಿದ. ಲ್ಯಾಪ್‌ಟಾಪಿನಲ್ಲಿ ಜಾಗ ಇರಲಿಲ್ಲ. ಹಳೆಯ ಸೇವ್ ಫೈಲು, ಆ ಹತ್ತು ದಿನದ್ದು, ನಾನು ಗುಟ್ಟಾಗಿ ಸುರುಮಾಡಿದ್ದು ಇನ್ನೂ ಹಾಗೇ ಇತ್ತು. ಇದನ್ನು ಅಳಿಸಿಬಿಡ್ತೀನಿ ಅಂದೆ, ನನಗೆ ಅದನ್ನು ನೋಡುವುದೇ ಬೇಡವಾಗಿತ್ತು.

“ಬ್ಯಾಡ, ಇರಲಿ” ಅಂದ. “ಅವತ್ತ ಅವ್ವ ನೋಡಿದ್ದು ಅದನ್ನ.”